ಜರ್ಮನ್‌ನ ‘ಎರ್ಬೆ’ ಪದದ ಬೇರು ಹುಡುಕುವುದು ಹೇಗೆ

ಜರ್ಮನ್ ಓದುವಾಗ ‘ಎರ್ಬೆ’ ಸಿಕ್ಕರೆ ಮೊದಲು ಅದರ ಲಿಂಗ ನೋಡಿ. ‘ಡಾಸ್ ಎರ್ಬೆ’ ಅಂದ್ರೆ ಸತ್ತವರು ಬಿಟ್ಟುಹೋದ ಆಸ್ತಿ, ‘ಡೇರ್ ಎರ್ಬೆ’ ಅಂದ್ರೆ ಅದು ಸೇರಬೇಕಾದ ವಾರಸುದಾರ, ಹೆಣ್ಣಾದರೆ ‘ಡೀ ಎರ್ಬಿನ್’. ವಾಕ್ಯದ ನಡುವೆ ಚಿಕ್ಕಕ್ಷರದಲ್ಲಿ ‘ಎರ್ಬೆನ್’ ಅಂತಿದ್ದರೆ ಅದು ಕ್ರಿಯಾಪದ, ಪಿತ್ರಾರ್ಜಿತವಾಗಿ ಪಡೆಯುವುದು.

ಈಗ ಬೇರಿಗೆ ಹೋಗೋಣ. ಡಿಡಬ್ಲ್ಯೂಡಿಎಸ್ ಅನ್ನೋ ಜರ್ಮನ್ ನಿಘಂಟಿನ ತಾಣದಲ್ಲಿ ಪದ ಹಾಕಿ, ವ್ಯುತ್ಪತ್ತಿಯ ಭಾಗ ತೆರೆಯಿರಿ. ವೋಲ್ಫ್‌ಗಾಂಗ್ ಫೈಫರ್ ಅವರ ನಿಘಂಟು ಅಲ್ಲಿ ಪುಕ್ಕಟೆ ಸಿಗುತ್ತದೆ. ಹಳೆಯ ರೂಪಗಳನ್ನು ಒಂದೊಂದಾಗಿ ಬರೆದುಕೊಳ್ಳಿ. ಹಳೆಯ ಜರ್ಮನ್‌ನಲ್ಲಿ ‘ಎರ್ಬಿ’, ಅದಕ್ಕೂ ಹಿಂದೆ, 4ನೇ ಶತಮಾನದ ಬೈಬಲ್ ಅನುವಾದದಿಂದ ನಮಗೆ ಗೊತ್ತಿರುವ ಗಾಥಿಕ್‌ನಲ್ಲಿ ‘ಅರ್ಬಿ’. ಆಮೇಲೆ ಪಕ್ಕದ ಭಾಷೆಗಳನ್ನು ನೋಡಿ: ಲ್ಯಾಟಿನ್ ‘ಓರ್ಬುಸ್’ ಅಂದ್ರೆ ತನ್ನವರನ್ನು ಕಳೆದುಕೊಂಡವನು, ಗ್ರೀಕ್ ‘ಓರ್ಫನೋಸ್’ ಅಂದ್ರೆ ತಬ್ಬಲಿ, ಇಂಗ್ಲಿಷಿನ ‘ಆರ್ಫನ್’ ಬಂದದ್ದು ಅದರಿಂದಲೇ. ಸಂಸ್ಕೃತದ ‘ಅರ್ಭ’ ಕೂಡ ಇದೇ ಸಾಲಿನದು, ಅಂದರೆ ಕನ್ನಡದಲ್ಲಿ ಮಗುವಿಗೆ ಹೇಳುವ ‘ಅರ್ಭಕ’ ಈ ಎರ್ಬೆಯ ದೂರದ ನೆಂಟ!

ಇವನ್ನೆಲ್ಲ ಒಟ್ಟಿಗಿಟ್ಟು ಓದಿದರೆ ಅರ್ಥ ತಾನಾಗೇ ತಿಳಿಯುತ್ತದೆ. ಮೊದಲು ಬಂದದ್ದು ಆಸ್ತಿಯಲ್ಲ, ಅಗಲಿಕೆ. ಒಬ್ಬರು ಹೋದರು, ಮಗು ಉಳಿಯಿತು, ಆ ತಬ್ಬಲಿಗೆ ಸೇರಿದ್ದೇ ಎರ್ಬೆ. ನನಗೆ ಈ ಪದ ಇಷ್ಟವಾಗೋದು ಇದಕ್ಕೇ.

ಒಂದು ಎಚ್ಚರಿಕೆ, ಸುಮ್ನೆ ಸದ್ದು ಕೇಳಿ ನೆಂಟಸ್ತನ ಕಟ್ಟಬೇಡಿ. ಬಟಾಣಿಗೆ ಜರ್ಮನ್‌ನಲ್ಲಿ ‘ಎರ್ಬ್ಸೆ’ ಅಂತಾರೆ. ಮೆಂಡೆಲ್ ಅನುವಂಶೀಯತೆಯ ನಿಯಮ ಕಂಡುಕೊಂಡದ್ದು ಬಟಾಣಿ ಗಿಡದಲ್ಲೇ, 1866ರಲ್ಲಿ ಅದನ್ನು ಪ್ರಕಟಿಸಿದ. ಆದರೂ ಎರಡು ಪದಕ್ಕೂ ಬೇರು ಬೇರೆ ಬೇರೆ.

ಕೊನೆಗೆ ಜೋಡುಪದಗಳನ್ನು ಬಿಡಿಸಿ ನೋಡಿ. ‘ಎರ್ಬ್‌ಗೂಟ್’ ಜೀನುಗಳ ಗಂಟು, ‘ಎರ್ಬ್‌ಝುಂಡೆ’ ಹುಟ್ಟಿನಿಂದ ಬಂದ ಪಾಪ. ‘ವೆಲ್ಟ್‌ಎರ್ಬೆ’ ಅಂದ್ರೆ ವಿಶ್ವ ಪರಂಪರೆ, ನಮ್ಮ ಹಂಪಿ 1986ರಿಂದ ಆ ಪಟ್ಟಿಯಲ್ಲಿದೆ.

ಕಾನೂನಿನ ಕಾಗದದಲ್ಲಿ ಮಾತ್ರ ಜಾಸ್ತಿ ಹುಷಾರಾಗಿ ಓದಿ. ಜರ್ಮನಿಯಲ್ಲಿ ಎರ್ಬೆ ಅಂದ್ರೆ ಸಾಲವೂ ಸೇರಿ. ಬೇಡ ಅನ್ನೋದಾದರೆ, ವಿಷಯ ತಿಳಿದ 6 ವಾರದೊಳಗೆ ಹೇಳಬೇಕು. ಆ ಹೊತ್ತಿಗೆ ವಾರಸುದಾರ ವಿದೇಶದಲ್ಲಿದ್ದರೆ 6 ತಿಂಗಳು.