ಗಿಡದ್ದು ಅಂದ ಮಾತ್ರಕ್ಕೆ ನಾಯಿಗೆ ಆಗಿಬರಲ್ಲ

ಬಾದಾಮಿ ಹಾಲು, ಓಟ್ಸ್ ಹಾಲು, ಸಸ್ಯಜನ್ಯ ಪ್ರೋಟೀನ್ ಪುಡಿ, ಏನೇ ತಂದರೂ ಮುಂದಿನ ಹಸಿರು ಎಲೆ ನೋಡಿ ನಂಬಬೇಡಿ. ಡಬ್ಬ ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿ. ಮೊದಲು ಹುಡುಕಬೇಕಾದ್ದು ಜೈಲಿಟಾಲ್. ಇಂಗ್ಲಿಷಿನಲ್ಲಿ ಎಕ್ಸ್ ಅಕ್ಷರದಿಂದ ಶುರುವಾಗುತ್ತದೆ. ಬರೀ 967 ಅಂತ ನಂಬರ್ ಹಾಕಿರುವುದೂ ಉಂಟು.

ಮನುಷ್ಯರಿಗೆ ಇದು ಸಕ್ಕರೆಯ ಬದಲಿಗೆ ಹಾಕುವ ಸಿಹಿ, ಅಷ್ಟೆ. ನಾಯಿಯ ಮೈ ಮಾತ್ರ ಇದನ್ನು ನಿಜವಾದ ಸಕ್ಕರೆ ಅಂದುಕೊಂಡು ಒಂದೇ ಸಲ ಇನ್ಸುಲಿನ್ ಸುರಿಸಿಬಿಡುತ್ತದೆ. ಅರ್ಧ ಗಂಟೆಯಲ್ಲೇ ಶುಗರ್ ಕುಸಿದು ನಾಯಿ ತೂರಾಡಬಹುದು. ಕೆಲವು ಸಲ ಗಂಟೆಗಟ್ಟಲೆ ತಡವಾಗಿಯೂ ಕಾಣಿಸುತ್ತದೆ. ನಮ್ಮ ಕಾಳಿ 12 ಕೆಜಿ ಇದ್ದಾಳೆ. ಅವಳಿಗೆ ಒಂದೂಕಾಲು ಗ್ರಾಂ ಸಾಕು, ಅಪಾಯ ಶುರು. 6 ಗ್ರಾಂ, ಅಂದರೆ ಒಂದೂವರೆ ಟೀ ಚಮಚದಷ್ಟು ಹೋದರೆ ಲಿವರ್‌ಗೇ ಕುತ್ತು.

ಸಿಹಿ ಹಾಕದ ಸಾದಾ ಬಾದಾಮಿ ಹಾಲು ಒಂದೆರಡು ಗುಟುಕು ಕುಡಿದರೆ ಗಾಬರಿ ಬೇಡ. ಚಾಕೊಲೇಟ್ ಬೆರೆಸಿದ್ದು, ಮಕಡೇಮಿಯಾ ಬೀಜದ್ದು ಬೇಡವೇ ಬೇಡ.

ನಮ್ಮ ಮೈಸೂರು ಕಡೆ ಮನೆಗಳಲ್ಲಿ ಇನ್ನೊಂದು ಅಭ್ಯಾಸ ಇದೆ. ಕಾಫಿ ಫಿಲ್ಟರಿನ ಚರಟವನ್ನು ಗುಲಾಬಿ ಗಿಡದ ಬುಡಕ್ಕೆ ಸುರಿಯುತ್ತೇವೆ. ಡಿಕಾಕ್ಷನ್ ಇಳಿದ ಮೇಲೂ ಅದರಲ್ಲಿ ಕೆಫೀನ್ ಉಳಿದಿರುತ್ತದೆ. ಅದರ ವಾಸನೆಗೆ ನಾಯಿ ಬಂದು ಕೆದಕಿ ತಿನ್ನಬಹುದು. ನಾಯಿ ಇರುವ ಮನೆಯಲ್ಲಿ ಚರಟ ಮುಚ್ಚಳದ ಬುಟ್ಟಿಗೇ ಹೋಗಲಿ. ತೂಕ ಇಳಿಸುವ ಗ್ರೀನ್ ಟೀ ಮಾತ್ರೆ, ಗ್ವಾರಾನಾ ಅನ್ನುವ ಬೀಜದ ಮಾತ್ರೆಗಳಲ್ಲೂ ಇರುವುದು ಇದೇ ಕೆಫೀನ್. 200 ಮಿಲಿಗ್ರಾಂನ ಒಂದೇ ಮಾತ್ರೆ ಕಾಳಿಯಷ್ಟು ದೊಡ್ಡ ನಾಯಿಗೂ ಚಡಪಡಿಕೆ, ಏದುಸಿರು ತರಬಲ್ಲದು. ಪ್ರಮಾಣ ಏರಿದರೆ ನಡುಕ, ಫಿಟ್ಸ್.

ದ್ರಾಕ್ಷಿ ರಸ, ಒಣದ್ರಾಕ್ಷಿ ನೆನೆಸಿದ ನೀರು, ಹುಣಸೆ ಪಾನಕ ಕೊಡಬೇಡಿ. ಇವುಗಳಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಿಡ್ನಿ ಕೆಡಿಸುತ್ತದೆ ಅನ್ನುವ ಅನುಮಾನವನ್ನು 2021ರಲ್ಲಿ ಅಮೆರಿಕದ ಪಶುವೈದ್ಯರು ಮುಂದಿಟ್ಟರು. ಎಷ್ಟು ತಿಂದರೆ ತೊಂದರೆ ಅಂತ ಮೊದಲೇ ಹೇಳಲು ಬರುವುದಿಲ್ಲ, ಅದಕ್ಕೇ ಜಾಸ್ತಿ ಭಯ. ಬೆಳ್ಳುಳ್ಳಿ ಕ್ಯಾಪ್ಸೂಲ್ ರಕ್ತಕಣ ಒಡೆಯುತ್ತದೆ. ಲೋಳೆಸರದ ಜ್ಯೂಸ್ ಭೇದಿ ಹಚ್ಚುತ್ತದೆ.

ವಾರಕ್ಕೊಂದು ನುಂಗುವ 60,000 ಯೂನಿಟ್‌ನ ವಿಟಮಿನ್ ಡಿ ಮಾತ್ರೆ ಈಗ ಯಾವ ಮನೆಯಲ್ಲಿಲ್ಲ ಹೇಳಿ? ಸಸ್ಯಮೂಲದ್ದೂ ಸಿಗುತ್ತದೆ, ಆದರೆ ಅಪಾಯ ಒಂದೇ. 10 ಕೆಜಿ ನಾಯಿಗೆ ಒಂದು ಮಾತ್ರೆಯೇ ಕಾಯಿಲೆ ತರಬಹುದು. ಅಪ್ಪನ ಕಾಲುರಿಗೆ ಕೊಡುವ ಮಾತ್ರೆಯಲ್ಲಿ ಆಲ್ಫಾ ಲಿಪೋಯಿಕ್ ಆಮ್ಲ ಇರುತ್ತದೆ, ಅದೂ ನಾಯಿಗೆ ವಿಷ. ಮೇಜಿನ ಮೇಲೆ, ಬ್ಯಾಗಿನ ಜೇಬಿನಲ್ಲಿ ಇಡಬೇಡಿ. ನಾಯಿಯ ಮೂಗಿಗೆ ಜಿಪ್ ಒಂದು ಅಡ್ಡಿಯೇ ಅಲ್ಲ.

ತಿಂದೇಬಿಟ್ಟಿತು ಅಂತ ಗೊತ್ತಾದರೆ ಲಕ್ಷಣ ಕಾಣಲಿ ಅಂತ ಕಾಯಬೇಡಿ, ತಕ್ಷಣ ಡಾಕ್ಟರಿಗೆ ಫೋನ್ ಮಾಡಿ. ಏನು, ಎಷ್ಟು, ಎಷ್ಟು ಹೊತ್ತಿಗೆ ತಿಂದಿದೆ, ತೂಕ ಎಷ್ಟು, ಈ ನಾಲ್ಕು ಹೇಳಿ. ಖಾಲಿ ಸ್ಟ್ರಿಪ್, ಡಬ್ಬ ಜೊತೆಗೆ ಒಯ್ಯಿರಿ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಲು ಹೋಗಲೇಬೇಡಿ. ಆ ಉಪ್ಪೇ ಜೀವ ತೆಗೆದೀತು. ಹಾಲು, ತುಪ್ಪ ಕುಡಿಸಿದರೂ ವಿಷ ಇಳಿಯುವುದಿಲ್ಲ. ಜೈಲಿಟಾಲ್ ತಿಂದು ತೂರಾಡುತ್ತಿದ್ದರೆ, ಎಚ್ಚರ ಇದ್ದರೆ ಮಾತ್ರ, ಜೇನುತುಪ್ಪ ವಸಡಿಗೆ ಸವರುತ್ತಾ ಕರೆದೊಯ್ಯಿರಿ. ವಿಟಮಿನ್ ಡಿ ಆದರೆ ಅವತ್ತು ಆರಾಮಾಗಿ ಓಡಾಡುತ್ತಿದ್ದರೂ ತೋರಿಸಲೇಬೇಕು. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಏಟು ಬಿದ್ದದ್ದು ಎರಡು ಮೂರು ದಿನ ಬಿಟ್ಟು ಗೊತ್ತಾಗಬಹುದು. ಡಾಕ್ಟರು ಕ್ಯಾಲ್ಸಿಯಂ ಪರೀಕ್ಷೆಗೆ ಮತ್ತೆ ಮತ್ತೆ ಬರಹೇಳಿದರೆ ತಪ್ಪಿಸಬೇಡಿ.