ಸಂಗ್ರಹಾಲಯಕ್ಕೆ ಕೊಡುವ ಮೊದಲು: ದಾನ, ಮೃತ್ಯುಪತ್ರ ಮತ್ತು ಉಪ್ಪುಗಾಳಿ

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಹಳೆಯ ಯುದ್ಧನೌಕೆ ಐಎನ್‌ಎಸ್ ಚಪಲ್ ಪಕ್ಕ ಸಂಗ್ರಹಾಲಯವಾಗಿ ನಿಂತಿರುವ ಟುಪೊಲೆವ್ 142 ವಿಮಾನವನ್ನು ನೋಡಿ ಬಂದವರು, ‘ಇಂಥದ್ದಕ್ಕೆ ನಮ್ಮಿಂದಲೂ ಏನಾದರೂ ಸಲ್ಲಬೇಕು’ ಎನ್ನುತ್ತಾರೆ. ಅಂಥವರ ದಾನದ ಕಾಗದಪತ್ರ ನೋಡಿಕೊಡುವಾಗ ನಾನು ಮೊದಲು ಕೇಳುವುದು: ಕೊಡುವುದು ವಸ್ತುವನ್ನೋ, ಅದನ್ನು ಉಳಿಸಿಕೊಳ್ಳುವ ಖರ್ಚನ್ನೋ?

ಈ ಮಾದರಿಯ ವಿಮಾನಗಳು ನಮ್ಮ ನೌಕಾಪಡೆಗೆ ಬಂದದ್ದು 1988ರಲ್ಲಿ, ನಿವೃತ್ತಿಯಾದದ್ದು 2017ರ ಮಾರ್ಚ್ 29ರಂದು. ಸುಮಾರು 53 ಮೀಟರ್ ಉದ್ದದ ಲೋಹದ ಮೈ. ಕಡಲ ಗಾಳಿಯ ಉಪ್ಪು ರಿವೆಟ್ ಸಾಲಿನ ಸಂದಿಗಳಲ್ಲಿ ಕೂರುತ್ತದೆ. ತೇವ ಸೇರಿದ ಮೇಲೆ ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಉಬ್ಬುತ್ತದೆ, ಬಣ್ಣ ಗುಳ್ಳೆಯೇಳುತ್ತದೆ. ಹೊಟ್ಟೆಯಡಿಯ ನೀರು ಇಳಿಯುವ ತೂತುಗಳನ್ನು ಹಕ್ಕಿಗೂಡಿನ ಕಸ ಮುಚ್ಚಿದರೆ ಮಳೆನೀರು ಒಳಗೇ ನಿಂತು, ಹೊರಗೆ ಕಾಣದಂತೆ ತಿನ್ನತೊಡಗುತ್ತದೆ. ತೀರದಲ್ಲಿ ನಿಂತ ಯಾವ ವಿಮಾನಕ್ಕೂ ಸಿಹಿನೀರಿನ ತೊಳೆತ, ತೂತು ಬಿಡಿಸುವುದು, ಬಣ್ಣ ತೇಪೆ ಮುಗಿಯದ ಕೆಲಸ. ಹೆಸರಿನ ಫಲಕಕ್ಕೆ ದಾನಿಗಳು ಸಿಗುತ್ತಾರೆ, ಏಣಿ ಹತ್ತಿ ತೊಳೆಯುವವನ ಕೂಲಿಗೆ ಸಿಗುವುದು ಕಷ್ಟ. ದಾನಪತ್ರದಲ್ಲಿ ‘ಪಾಲನೆಯ ಖರ್ಚಿಗೆ’ ಎಂಬ ಎರಡು ಪದ ಬರೆಯಿರಿ ಎಂದು ನಾನು ಒತ್ತಾಯ ಮಾಡಿಯೇ ಹೇಳುತ್ತೇನೆ.

ಮೃತ್ಯುಪತ್ರದಲ್ಲಿ ಹೆಚ್ಚು ಕೆಡುವುದು ಪಡೆಯುವವರ ಹೆಸರು. ‘ವಿಮಾನ ಮ್ಯೂಸಿಯಂಗೆ’ ಎಂದಷ್ಟೇ ಬರೆದರೆ ಸಾಲದು. ಕಟ್ಟಡ ಆಸ್ತಿ ಪಡೆಯಲಾರದು. ಅದನ್ನು ನಡೆಸುವ ಟ್ರಸ್ಟ್, ಇಲಾಖೆ ಅಥವಾ ಸಂಸ್ಥೆಯ ಪೂರ್ಣ ಹೆಸರು, ವಿಳಾಸ ಬೇಕು. ಟ್ರಸ್ಟ್ ಆದರೆ ನೋಂದಣಿ ಸಂಖ್ಯೆ, ಪ್ಯಾನ್ ಕೂಡ. ಮುಂದೊಂದು ದಿನ ಸಂಗ್ರಹಾಲಯ ಮುಚ್ಚಿದರೆ ಹಣ ಯಾರಿಗೆ ಹೋಗಬೇಕೆಂದು ಅದರ ಕೆಳಗೇ ಬರೆಯಬೇಕು.

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಮಿನಂತೆ ಬರೆದವರ ಸಹಿಯ ಜೊತೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು. ಛಾಪಾ ಕಾಗದ ಬೇಡ. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ಆದರೆ ಅದಾದ ಮೇಲಿನ ದಿನಾಂಕದಲ್ಲಿ ಬಿಳಿ ಹಾಳೆಯ ಮೇಲೆ ಸರಿಯಾಗಿ ಬರೆದ ಇನ್ನೊಂದು ಮೃತ್ಯುಪತ್ರವಿದ್ದರೆ, ನೋಂದಣಿಯಾದದ್ದನ್ನೂ ಅದು ರದ್ದು ಮಾಡಬಲ್ಲದು. ಇದನ್ನು ನಂಬದವರೇ ಹೆಚ್ಚು. ಸಾಕ್ಷಿಗಳು ನಿಮಗಿಂತ ಚಿಕ್ಕವರಿರಲಿ, ಪಾಲು ಪಡೆಯುವವರು ಬೇಡ. ಬ್ಯಾಂಕಿನ ನಾಮಿನಿ ಹಣ ಪಡೆದು ಹಕ್ಕುದಾರರಿಗೆ ಒಪ್ಪಿಸುವವನೇ ಹೊರತು ಮಾಲೀಕನಲ್ಲ. ಆದ್ದರಿಂದ ಠೇವಣಿಯನ್ನೂ ಮೃತ್ಯುಪತ್ರದಲ್ಲಿ ಹೆಸರಿಸಿ. ಮುಸ್ಲಿಂ ಕುಟುಂಬಗಳಲ್ಲಿ ವಾರಸುದಾರರ ಒಪ್ಪಿಗೆ ಇಲ್ಲದೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬರೆಯಲು ಬರುವುದಿಲ್ಲ.

ಶಿರಸಿ ಕಡೆಯವರು ಅಡಿಕೆ ತೋಟವನ್ನೇ ಬರೆಯಲು ಹೊರಡುತ್ತಾರೆ. ಅಡಿಕೆ ಗೊನೆ ಕೊಯ್ಲು, ಮದ್ದು ಹೊಡೆಸುವುದು ಸಂಗ್ರಹಾಲಯದವರಿಂದ ಆಗುವ ಕೆಲಸವಲ್ಲ. ‘ಮಾರಿ, ಬಂದ ಹಣ ಕೊಡತಕ್ಕದ್ದು’ ಎಂದು ಮೃತ್ಯುಪತ್ರ ಜಾರಿ ಮಾಡುವವರಿಗೆ ಅಧಿಕಾರ ಕೊಟ್ಟು ಬರೆಯುವುದು ಲೇಸು. ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡನ್ನು, ಅಂದರೆ ಸೊಪ್ಪಿನ ಬೆಟ್ಟವನ್ನು ಸ್ವಂತ ಆಸ್ತಿಯೆಂದು ಸೇರಿಸಬೇಡಿ, ಅದು ತೋಟಕ್ಕೆ ಅಂಟಿಕೊಂಡ ಸವಲತ್ತು.

ಬದುಕಿರುವಾಗ ಹಣ ಕೊಡುವವರು ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯಲ್ಲೇ ಕೊಡಿ. 80ಜಿ ಎಂದು ರೂಢಿಯಲ್ಲಿರುವ ತೆರಿಗೆ ರಿಯಾಯಿತಿ 2,000 ರೂಪಾಯಿ ಮೀರಿದ ನಗದಿಗೆ ಸಿಗದು, ವಸ್ತುದಾನಕ್ಕೂ ಸಿಗದು, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಗಲ್ಫಿನಲ್ಲಿರುವ ಮಗ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ತನ್ನ ಉಳಿತಾಯದಿಂದ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ವಿದೇಶಿ ಪೌರತ್ವ ಪಡೆದವರು ಕಳಿಸಿದರೆ ವಿದೇಶಿ ದೇಣಿಗೆಯ ನಿಯಮ ಅನ್ವಯಿಸುತ್ತದೆ.

ವಸ್ತುಗಳಲ್ಲಿ ಹಾರಾಟದ ಲಾಗ್‌ಬುಕ್ಕಿಗೆ ನಾನು ಎಲ್ಲಕ್ಕಿಂತ ಬೆಲೆ ಕೊಡುತ್ತೇನೆ. ದಿನಾಂಕ, ವಿಮಾನದ ಸಂಖ್ಯೆ, ಹಾರಿದ ಗಂಟೆ, ಪುಟದ ಕೊನೆಗೆ ಮೇಲಧಿಕಾರಿಯ ಸಹಿ: ಇಷ್ಟಿದ್ದರೆ ಮೂಕ ಲೋಹಕ್ಕೆ ಇತಿಹಾಸ ಬರುತ್ತದೆ. ನಮ್ಮ ಕಡೆ ಅಟ್ಟದ ಟ್ರಂಕಿನಲ್ಲಿಟ್ಟದ್ದಕ್ಕೆ ರಟ್ಟಿನ ಮೇಲೆ ಬೂಷ್ಟು ಬಂದಿರುತ್ತದೆ, ಪಿನ್ನಿನ ತುಕ್ಕು ಹಾಳೆಗೆ ಇಳಿದಿರುತ್ತದೆ. ಬಿಸಿಲಿಗೆ ಹಾಕಬೇಡಿ, ಲ್ಯಾಮಿನೇಷನ್ ಬೇಡ, ಹರಿದಲ್ಲಿ ಟೇಪ್ ಅಂಟಿಸಬೇಡಿ. ನೆರಳಿನ ಗಾಳಿಗೆ ಒಣಗಿಸಿ, ಮೆದು ಬ್ರಷ್ಷಿನಿಂದ ಒರೆಸಿ, ಮಳೆಗಾಲ ಕಳೆದು ದೀಪಾವಳಿಯ ನಂತರ ಒಪ್ಪಿಸಿ. ಕೊಡುವ ಪತ್ರದಲ್ಲಿ ದಾನವೋ ಎರವಲೋ ಎಂಬುದು ಸ್ಪಷ್ಟವಿರಲಿ, ಫೋಟೋ ಅಂಟಿಸಿ, ಎರಡೂ ಕಡೆಯ ಸಹಿಯ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ಇಪ್ಪತ್ತು ವರ್ಷದ ಮೇಲೆ ಮೊಮ್ಮಕ್ಕಳು ಬಂದು ‘ಅಜ್ಜನದ್ದು ವಾಪಸ್ ಕೊಡಿ’ ಎಂದಾಗ ಉತ್ತರವಿರುವುದಿಲ್ಲ.

ಕತ್ತಲೆಯಲ್ಲಿ ಹೊಳೆಯುವ ಅಂಕಿಗಳಿದ್ದ ವಿಮಾನದ ಹಳೆಯ ಅಳತೆ ಮಾಪಕಗಳ, ಅಂದರೆ ಗೇಜುಗಳ ಬಗ್ಗೆ ಮಾತ್ರ ತೀರಾ ಎಚ್ಚರ. ಅವುಗಳ ಬಣ್ಣದಲ್ಲಿ ವಿಕಿರಣ ಸೂಸುವ ಲೋಹವಾದ ರೇಡಿಯಂ ಇರಬಹುದು. ಹೊಳಪು ಸತ್ತಿದ್ದರೂ ವಿಕಿರಣ ಸತ್ತಿರುವುದಿಲ್ಲ, ಅದು ಅರ್ಧಕ್ಕಿಳಿಯಲು ಬೇಕಾದ ಕಾಲ, ಅಂದರೆ ಅರ್ಧಾಯುಷ್ಯ, ಸುಮಾರು 1,600 ವರ್ಷ. ಗಾಜು ಬಿಚ್ಚಬೇಡಿ, ಉಜ್ಜಬೇಡಿ. ಬಿಗಿಯಾದ ಚೀಲದಲ್ಲಿ ಹಾಕಿ, ಮೇಲೆ ಚೀಟಿ ಬರೆದು, ತರುವ ಮೊದಲೇ ಸಂಗ್ರಹಾಲಯದವರಿಗೆ ತಿಳಿಸಿ.