ಪಕ್ಕವಾದ್ಯ ಕಳಚಿ ಕೇಳಿದ ‘1942’ರ ಹಾಡುಗಳು

‘1942: ಎ ಲವ್ ಸ್ಟೋರಿ’ ಎಂಬ ಹಿಂದಿ ಚಿತ್ರದ ಹಾಡುಗಳಲ್ಲಿ ಹಳೆಯ ಕಾಲದ ಇಂಪಿದೆ ಎಂದು ಕೇಳಿದವರೆಲ್ಲ ಹೇಳುತ್ತಾರೆ. ಆ ಹಳೆಯತನ ಇರುವುದಾದರೂ ಎಲ್ಲಿ, ವಾದ್ಯಗಳಲ್ಲೋ ಧಾಟಿಯಲ್ಲೋ ಎಂದು ಹುಡುಕಲು ಹೊರಟದ್ದೇ ನನ್ನ ಮಟ್ಟಿಗೆ ಅವುಗಳನ್ನು ಸವಿಯುವ ದಾರಿಯಾಯಿತು. ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವನು. ಊರಿನ ಭಜನಾ ಮಂದಿರದಲ್ಲಿ ಹಾರ್ಮೋನಿಯಂ ನುಡಿಸುತ್ತೇನೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಎಂದು ಬೆಳೆದ ನನಗೆ ಹಿಂದಿ ದಕ್ಕಿದ್ದು ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಪರೀಕ್ಷೆಗಳಿಂದ ಮತ್ತು ವಿವಿಧ ಭಾರತಿಯಿಂದ.

ಮೊದಲು ಮಾಡಿದ ಕೆಲಸ ಬಹಳ ಸಣ್ಣದು. ಮೊಬೈಲಿನಲ್ಲಿ ತಾನಾಗಿ ಚಾಲೂ ಆಗಿರುತ್ತಿದ್ದ ಬಾಸ್ (ತಗ್ಗಿನ ದನಿ) ಹೆಚ್ಚಿಸುವ ವ್ಯವಸ್ಥೆಯನ್ನು ತೆಗೆದುಹಾಕಿ, ಧ್ವನಿಯನ್ನು ಮನೆಮಂದಿಯ ಮಾತಿಗಿಂತಲೂ ತಗ್ಗಿಸಿ, ಇಡೀ ಆಲ್ಬಮ್ಮನ್ನು ಒಂದೇ ಸಲ ಕೂತು ಕೇಳತೊಡಗಿದೆ. (ಆಟಿ ತಿಂಗಳ ಮಳೆಯಲ್ಲಿ ಹೆಂಚಿನ ಮಾಡಿನ ಕೆಳಗೆ ಇದು ಆಗುವ ಮಾತಲ್ಲ, ದೀಪಾವಳಿ ಕಳೆದ ಮೇಲಿನ ರಾತ್ರಿಗಳೇ ಇದಕ್ಕೆ ಸರಿ.) ಮೆಲುದನಿಯಲ್ಲಿ ಕೇಳಿದಾಗ ತಾಳವಾದ್ಯಗಳು ಹಿಂದಕ್ಕೆ ಸರಿದು ಕಂಠ ಮುಂದೆ ಬರುತ್ತದೆ.

ಎರಡನೆಯದು ನಿಜವಾದ ಪರೀಕ್ಷೆ. ಹಾಡನ್ನು ನಿಲ್ಲಿಸಿ, ಶ್ರುತಿಯೊಂದನ್ನೇ ಹಿಡಿದು ಅದರ ಧಾಟಿಯನ್ನು ಹಾರ್ಮೋನಿಯಂನಲ್ಲಿ ನುಡಿಸಿ ನೋಡುತ್ತೇನೆ. ಬೇರೆ ವಾದ್ಯದ ಊರುಗೋಲಿಲ್ಲದೆಯೂ ಧಾಟಿ ನಿಂತರೆ ಅದು ಗಟ್ಟಿ ಹಾಡು. ಕುಮಾರ್ ಸಾನು ಹಾಡಿದ ‘ಏಕ್ ಲಡ್ಕೀ ಕೋ ದೇಖಾ’ವನ್ನು ಹೀಗೆ ನುಡಿಸುವಾಗಲೇ ಅದರ ಕಟ್ಟಡ ನನಗೆ ಕಂಡದ್ದು. ಹಿಂದಿ ಚಿತ್ರಗೀತೆಗಳಲ್ಲಿ ಸಾಮಾನ್ಯವಾಗಿ ಮುಖಡಾ (ಪಲ್ಲವಿ) ಒಂದು ಧಾಟಿಯಲ್ಲಿದ್ದರೆ ಅಂತರಾ (ಚರಣ) ಬೇರೊಂದು ಧಾಟಿಯಲ್ಲಿ ಮೇಲಕ್ಕೇರುತ್ತದೆ; ಇಲ್ಲಿ ಅಂತರಾ ಎಂಬುದೇ ಇಲ್ಲ, ಮೂರು ನುಡಿಗಳೂ ಒಂದೇ ಧಾಟಿಯಲ್ಲಿ ಸಾಗುತ್ತವೆ. ಹಾಡು ಬರೆದ ಜಾವೇದ್ ಅಖ್ತರ್ ಪ್ರತಿ ನುಡಿಯಲ್ಲೂ ಏಳೇಳರಂತೆ ಒಟ್ಟು 21 ಉಪಮೆಗಳನ್ನಿಟ್ಟಿದ್ದಾರೆ. ಅರಳುವ ಗುಲಾಬಿ, ವೀಣೆಯ ತಾನ, ಕುಣಿಯುವ ನವಿಲು ಎಂಬಂಥ ಆರು ಚಿಕ್ಕ ತುಣುಕುಗಳು ಒಂದರ ಬೆನ್ನಿಗೆ ಒಂದು ಬಂದು, ಏಳನೆಯದು ಮಾತ್ರ ಉದ್ದವಾಗಿ ಚಾಚಿಕೊಂಡು ಮತ್ತೆ ಮೊದಲ ಸಾಲಿಗೆ ಮರಳುತ್ತದೆ. ನಮ್ಮ ಭಜನೆಯ ನಾಮಾವಳಿ ನಡೆಯುವುದೂ ಹೀಗೆಯೇ. ಧಾಟಿ ಬದಲಾಗುವುದಿಲ್ಲ, ಹೆಸರುಗಳು ಬದಲಾಗುತ್ತವೆ, ಆದರೂ ಹಾಡುವವರಿಗೆ ಬೇಸರವಾಗುವುದಿಲ್ಲ. ಇದನ್ನು ಕಂಡುಕೊಂಡ ಮೇಲೆ ಆ ಹಾಡನ್ನು ಬಾಯಿಪಾಠ ಮಾಡುವುದು ನನಗೆ ಕಷ್ಟವಾಗಲಿಲ್ಲ.

ಸಂಗೀತ ನೀಡಿದ ರಾಹುಲ್ ದೇವ್ ಬರ್ಮನ್ ಅವರು ಎಪ್ಪತ್ತರ ದಶಕದಲ್ಲಿ ಗಿಟಾರ್, ಡ್ರಮ್ಮುಗಳ ಅಬ್ಬರಕ್ಕೂ ಹೊಸ ಹೊಸ ಸದ್ದುಗಳಿಗೂ ಹೆಸರಾದವರು. ಅಂಥವರು ಈ ಚಿತ್ರದಲ್ಲಿ ಸ್ವಾತಂತ್ರ್ಯ ಹೋರಾಟದ ಕಾಲಕ್ಕೆ ಹೊಂದುವ ಹಾಗೆ ತಂದೆ ಸಚಿನ್ ದೇವ್ ಬರ್ಮನ್ ಅವರ ಸರಳತೆಯ ಕಡೆಗೆ ತಿರುಗಿದ್ದಾರೆಂದು ನನಗೆ ತೋರುತ್ತದೆ. ಕುಮಾರ್ ಸಾನು ಮತ್ತು ಕವಿತಾ ಕೃಷ್ಣಮೂರ್ತಿ ಹಾಡಿದ ‘ರಿಮ್‌ಝಿಮ್ ರಿಮ್‌ಝಿಮ್’ ಕೇಳುವಾಗ ಈ ಅನಿಸಿಕೆ ಬಲಗೊಳ್ಳುತ್ತದೆ. 1994ರ ಜನವರಿ 4ರಂದು ರಾಹುಲ್ ದೇವ್ ಬರ್ಮನ್ ತೀರಿಕೊಂಡರು, ಚಿತ್ರ ತೆರೆಕಂಡದ್ದು ಆಮೇಲೆ. ಫಿಲ್ಮ್‌ಫೇರ್ ಪ್ರಶಸ್ತಿ ಮರಣೋತ್ತರವಾಗಿ ಬಂತು. ಆ ದುಃಖವನ್ನು ಹಾಡಿನೊಳಗೆ ತುಂಬಿಕೊಂಡು ಕೇಳುವುದು ನನಗೆ ಇಷ್ಟವಿಲ್ಲ, ಏಕೆಂದರೆ ಹಾಡುಗಳು ಲವಲವಿಕೆಯಿಂದಲೇ ಇವೆ.

‘ಕುಛ್ ನ ಕಹೋ’ ಎರಡು ಕಂಠಗಳಲ್ಲಿದೆ. ಕುಮಾರ್ ಸಾನು ಅವರದನ್ನು ಮೊದಲು ಕೇಳಿ, ನಡುವೆ ಬೇರೆ ಹಾಡುಗಳನ್ನು ಹಾಕಿ, ಬಳಿಕ ಲತಾ ಮಂಗೇಶ್ಕರ್ ಅವರದಕ್ಕೆ ಬರುವುದು ನನ್ನ ಕ್ರಮ. ಒಂದೇ ಧಾಟಿ ಒಬ್ಬರಲ್ಲಿ ಒಲವಾಗಿಯೂ ಇನ್ನೊಬ್ಬರಲ್ಲಿ ನೋವಾಗಿಯೂ ಕೇಳಿಸುವುದನ್ನು ಬೆನ್ನು ಬೆನ್ನಿಗೆ ಕೇಳಿದರೆ ಹೋಲಿಕೆಯಲ್ಲೇ ಮನಸ್ಸು ಸಿಕ್ಕಿಹಾಕಿಕೊಳ್ಳುತ್ತದೆ. ಇಲ್ಲಿ ಹಾರ್ಮೋನಿಯಂ ನನ್ನ ಕೈಬಿಡುತ್ತದೆ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಅದರ ಮನೆಗಳಲ್ಲಿ (ಕೀಲಿಗಳಲ್ಲಿ) ಹುಟ್ಟುವುದಿಲ್ಲ. ಅಂಥ ಕಡೆ ಬಾಯಿಯಲ್ಲೇ ಹಾಡಿಕೊಳ್ಳುತ್ತೇನೆ. ‘ರೂಠ್ ನ ಜಾನಾ’ ನನಗೆ ಅಷ್ಟಾಗಿ ಹಿಡಿಸಿಲ್ಲ.

ಶಿವಾಜಿ ಚಟ್ಟೋಪಾಧ್ಯಾಯ ಹಾಡಿದ ‘ಯೇ ಸಫರ್’ ಬಗ್ಗೆ ಮಾತನಾಡುವವರು ಕಡಿಮೆ. ಮಂದಿರದ ಹುಡುಗರು ಹಿಂದಿ ಹಾಡು ಬೇಕೆಂದು ಹಟ ಹಿಡಿದಾಗ ನಾನು ಮೊದಲು ಹೇಳಿಕೊಡುವುದು ಇದನ್ನೇ. ಇದಕ್ಕೆ ಅವಸರವಿಲ್ಲ, ಸಾಲು ಸಾಲಿನ ನಡುವೆ ಉಸಿರು ತೆಗೆದುಕೊಳ್ಳಲು ಎಡೆಯಿದೆ, ಮಾತುಗಳೂ ಹಿಂದಿಯ ಮೊದಲ ಪರೀಕ್ಷೆಗಳನ್ನು ದಾಟಿದವರಿಗೆ ಬಹುಮಟ್ಟಿಗೆ ಅರ್ಥವಾಗುವಂಥವು.